ಮೆಲ್ಲಗೆ ಹಾಡಬಲ್ಲ ಆಂಪ್ಲಿಫೈಯರ್

ಹೆಡ್‌ಫೋನ್ ಆಂಪ್ಲಿಫೈಯರ್, ಅಂದರೆ ಹಾಡಿನ ಸಂಕೇತವನ್ನು ಹಿಗ್ಗಿಸಿ ಹೆಡ್‌ಫೋನಿಗೆ ಕೊಡುವ ಪೆಟ್ಟಿಗೆ, ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಅದರ ಶಕ್ತಿಯನ್ನು. ಎಷ್ಟು ಮಿಲಿವ್ಯಾಟ್ ಕೊಡುತ್ತದೆ, 300 ಓಮ್‌ನ ಹೆಡ್‌ಫೋನಿಗೆ ಸಾಕಾಗುತ್ತದೆಯೇ, ಎಷ್ಟು ಜೋರಾಗಿ ಕೇಳಿಸುತ್ತದೆ. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯ ಕೇಳಿದ್ದೂ ಅದನ್ನೇ: "ಮಾವ, ಹತ್ತು ಸಾವಿರದೊಳಗೆ ಹೆಚ್ಚು ಪವರ್ ಕೊಡುವುದು ಯಾವುದು?" ಫೋನಿನಲ್ಲಿ ಉತ್ತರ ಶುರುಮಾಡುವಷ್ಟರಲ್ಲಿ ಕರೆಂಟು ಹೋಯಿತು, ಅದರ ಹಿಂದೆಯೇ ಟವರೂ ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಮಾತು ಹೀಗೆ ಅರ್ಧಕ್ಕೆ ನಿಲ್ಲುವುದು ಹೊಸದಲ್ಲ. ಅವನಿಗೆ ಹೇಳಬೇಕಾಗಿದ್ದನ್ನು ಬಿಡಿಸಿ ಬರೆದರೆ ಇನ್ನೂ ನಾಲ್ಕು ಜನಕ್ಕೆ ಉಪಯೋಗವಾದೀತು ಎನಿಸಿತು.

ಹೇಳಬೇಕಾಗಿದ್ದುದು ಇಷ್ಟು. ಈ ಬೆಲೆಯ ಆಂಪ್ಲಿಫೈಯರುಗಳಲ್ಲಿ ಈಗ ಶಕ್ತಿಗೆ ಕೊರತೆಯಿಲ್ಲ. ಕೊರತೆ ಇರುವುದು ವಾಲ್ಯೂಮ್ ಗುಂಡಿಯಲ್ಲಿ, ಅದರಲ್ಲೂ ಗುಂಡಿಯನ್ನು ತೀರ ಕೆಳಗೆ ಇಳಿಸಿಕೊಂಡು ಕೇಳುವಾಗ. ಕೊಟ್ಟ ಹಣಕ್ಕೆ ತಕ್ಕ ವಸ್ತು ಸಿಕ್ಕಿದೆಯೇ ಎಂದು ತಿಳಿಯಬೇಕಾದರೆ ಅಲ್ಲಿ ಕಿವಿಯಿಟ್ಟು ನೋಡಬೇಕು.

ನಾನಿರುವುದು ತೀರ್ಥಹಳ್ಳಿಯಿಂದ ಒಳಗೆ, ಅಡಿಕೆ ತೋಟದ ಮಗ್ಗುಲಿನ ಮನೆಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮಗೆ ಅಷ್ಟಿಲ್ಲದಿದ್ದರೂ, ಆಷಾಢದಲ್ಲಿ ಅಂಗಳಕ್ಕೆ ಹೊದಿಸಿದ ಜಿಂಕ್ ಶೀಟಿನ ಮೇಲೆ ಮಳೆ ಹೊಡೆಯತೊಡಗಿದರೆ ಒಂದೇ ಕೋಣೆಯಲ್ಲಿರುವವರು ಕೂಗಿ ಮಾತಾಡಬೇಕಾಗುತ್ತದೆ. ಅದೇ ಮಳೆ ರಾತ್ರಿ ಹೊತ್ತು ಹೊಳವಾದರೆ ಹೆಂಚಿನ ಅಂಚಿನಿಂದ ಬೀಳುವ ಹನಿಗಳನ್ನು ಒಂದೊಂದಾಗಿ ಎಣಿಸಬಹುದು. ಪೇಟೆಯ ಮನೆಯಲ್ಲಿ ಫ್ಯಾನು, ರಸ್ತೆ, ಪಕ್ಕದವರ ಟಿವಿ ಎಲ್ಲ ಸೇರಿ ನಡುರಾತ್ರಿಯಲ್ಲೂ ಒಂದು ಹಿನ್ನೆಲೆಯ ಸದ್ದು ಇದ್ದೇ ಇರುತ್ತದೆ. ಅದನ್ನು ದಾಟಿ ಹಾಡು ಕೇಳಬೇಕಾದರೆ ವಾಲ್ಯೂಮ್ ಒಂದಿಷ್ಟು ಮೇಲಿರಲೇಬೇಕು. ಇಲ್ಲಿ ಮಳೆ ನಿಂತ ರಾತ್ರಿಗಳಲ್ಲಿ ಸಂಗೀತವನ್ನು ಎಷ್ಟು ತಗ್ಗಿಸಿಕೊಂಡರೂ ಕೇಳಿಸುತ್ತದೆ, ತಗ್ಗಿಸಿಕೊಂಡಷ್ಟೂ ಸುಖವಾಗಿ ಕೇಳಿಸುತ್ತದೆ. ಸಂಜೆಯ ಮಳೆಯಲ್ಲಿ 75 ಡೆಸಿಬೆಲ್ ಬೇಕಾದ ಅದೇ ಕಿವಿಗೆ ರಾತ್ರಿ 55 ಸಾಕು. ಈ ಎರಡರ ನಡುವಿನ ಅಂತರವನ್ನು ನಿಭಾಯಿಸಬೇಕಾದದ್ದು ಒಂದು ಸಣ್ಣ ಗುಂಡಿ.

20 ಡೆಸಿಬೆಲ್ ಎಂದರೆ ಶಕ್ತಿಯ ಲೆಕ್ಕದಲ್ಲಿ ನೂರು ಪಟ್ಟು. ಕಿವಿಗೆ ಮಾತ್ರ ಅದು ಸುಮಾರು ನಾಲ್ಕು ಪಟ್ಟು ಜೋರು ಎನಿಸುತ್ತದೆ. ಪ್ರತಿ 10 ಡೆಸಿಬೆಲ್‌ಗೆ ಸದ್ದು ಹೆಚ್ಚುಕಡಿಮೆ ದುಪ್ಪಟ್ಟಾದಂತೆ ನಮಗೆ ತೋರುತ್ತದೆ. ಹಾಗಾಗಿ ವಾಲ್ಯೂಮ್ ಗುಂಡಿಯೂ ಕಿವಿಯ ಲೆಕ್ಕವನ್ನೇ ಅನುಸರಿಸಬೇಕು. ಗುಂಡಿಯ ಕೆಳಗಿರುವ ಪೊಟೆನ್ಶಿಯೋಮೀಟರ್, ಅಂದರೆ ಅಂಗಡಿಯವರೂ ರಿಪೇರಿಯವರೂ ಪಾಟ್ ಅಥವಾ ಕಂಟ್ರೋಲ್ ಎನ್ನುವ ಬಿಡಿಭಾಗ, ಒಂದು ಕಾರ್ಬನ್ ಪಟ್ಟಿಯ ಮೇಲೆ ಜಾರುವ ಲೋಹದ ಬೆರಳು. ಪಟ್ಟಿಯ ಉದ್ದಕ್ಕೂ ಪ್ರತಿರೋಧ ಒಂದೇ ಸಮನಾಗಿ ಏರಿದರೆ ಗುಂಡಿ ಸ್ವಲ್ಪ ತಿರುಗಿಸುತ್ತಲೇ ಹಾಡು ಕಿರುಚಿ, ಉಳಿದ ಸುತ್ತಿನಲ್ಲಿ ಏನೂ ಬದಲಾಗದಂತೆ ಅನಿಸುತ್ತದೆ. ಆದ್ದರಿಂದ ಶ್ರವಣಕ್ಕೆ ಬಳಸುವ ಪಾಟ್‌ಗಳು ಲಾಗರಿತಮಿಕ್ ಆಗಿರುತ್ತವೆ. ಅರ್ಧ ಸುತ್ತು ತಿರುಗಿಸಿದಾಗ ಪ್ರತಿರೋಧ ಇನ್ನೂ ಶೇಕಡಾ 10ರಿಂದ 15ರಷ್ಟರಲ್ಲೇ ಇರುತ್ತದೆ. ನಿಜವಾದ ಲಾಗರಿತಮಿಕ್ ಪಟ್ಟಿಯನ್ನು ಅಗ್ಗವಾಗಿ ಮುದ್ರಿಸುವುದು ಕಷ್ಟ. ತಯಾರಕರು ಬೇರೆ ಬೇರೆ ಪ್ರತಿರೋಧದ ಎರಡು ಮೂರು ಕಾರ್ಬನ್ ತುಂಡುಗಳನ್ನು ಸೇರಿಸಿ ಆ ರೇಖೆಯ ಹತ್ತಿರಕ್ಕೆ ಬರುತ್ತಾರೆ. ತುಂಡುಗಳು ಕೂಡುವ ಜಾಗದಲ್ಲಿ ಸದ್ದು ತಟಕ್ಕನೆ ಏರುವುದನ್ನು ನೀವು ಗಮನಿಸಿರಬಹುದು.

ಹಳೆಯ ರೇಡಿಯೋಗಳಲ್ಲಿ ಪಟ್ಟಿ ಒಂದೇ ಇತ್ತು. ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದ ನಮ್ಮ ತಲೆಮಾರಿಗೆ ಕಟ್ ಎಂದು ಶಬ್ದ ಮಾಡಿ ಚಾಲೂ ಆಗುವ ಗುಂಡಿಯೇ ಗೊತ್ತು, ಎಡಬಲದ ತಂಟೆ ಗೊತ್ತಿಲ್ಲ. ಸ್ಟೀರಿಯೊ ಬಂದ ಮೇಲೆ ಒಂದೇ ಕಡ್ಡಿಗೆ ಎರಡು ಪಟ್ಟಿ ಬಂದವು, ಎಡಗಿವಿಗೊಂದು, ಬಲಗಿವಿಗೊಂದು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಹಾಗೆ ಅವು ಉದ್ದಕ್ಕೂ ಜೊತೆಯಾಗಿ ಹೆಜ್ಜೆ ಹಾಕಬೇಕು. ಮೇಲಿನ ಅರ್ಧದಲ್ಲಿ ಹಾಕುತ್ತವೆ. ಕೆಳಗೆ ಬಂದಂತೆ ಒಂದು ಹಿಂದೆ ಉಳಿಯುತ್ತದೆ.

ಇದಕ್ಕೆ ಕಾರಣ ಸರಳ ಲೆಕ್ಕ. 10,000 ಓಮ್‌ನ ಪಾಟ್ ಒಂದನ್ನು ತೆಗೆದುಕೊಳ್ಳಿ. ಸದ್ದನ್ನು 20 ಡೆಸಿಬೆಲ್ ಇಳಿಸಿದಾಗ ಬೆರಳು ನೆಲದಿಂದ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತುದಿಯಿಂದ, 1000 ಓಮ್ ಮೇಲಿರುತ್ತದೆ. 40 ಇಳಿಸಿದಾಗ 100 ಓಮ್. 60 ಇಳಿಸಿದಾಗ ಬರೀ 10 ಓಮ್. ಎರಡು ಪಟ್ಟಿಗಳ ನಡುವೆ ಮುದ್ರಣದಲ್ಲೋ ತುದಿಯ ಬೆಸುಗೆಯಲ್ಲೋ ಮೂರು ಓಮ್ ವ್ಯತ್ಯಾಸ ಇದೆ ಎಂದುಕೊಳ್ಳೋಣ. 1000 ಓಮ್‌ನ ಎದುರು ಮೂರು ಓಮ್ ಲೆಕ್ಕಕ್ಕೇ ಇಲ್ಲ. 10ರ ಎದುರು 13 ಎಂದರೆ 2.3 ಡೆಸಿಬೆಲ್. ಎಡಬಲದ ನಡುವೆ ಸುಮಾರು ಒಂದು ಡೆಸಿಬೆಲ್ ವ್ಯತ್ಯಾಸವಾದರೆ ಸಾಕು, ತಲೆಯ ನಡುವೆ ನಿಲ್ಲಬೇಕಾದ ಗಾಯಕ ಪಕ್ಕಕ್ಕೆ ಸರಿಯುತ್ತಾನೆ. ಅಗ್ಗದ ಜೋಡಿ ಪಾಟ್‌ಗಳ ವಿವರಪತ್ರ ಓದಿದರೆ ಸಾಮಾನ್ಯವಾಗಿ ಕಾಣುವುದು, ಸೊನ್ನೆಯಿಂದ ಮೈನಸ್ 40 ಡೆಸಿಬೆಲ್‌ವರೆಗೆ ವ್ಯತ್ಯಾಸ ಮೂರರೊಳಗೆ ಇರುತ್ತದೆ ಎಂಬ ಭರವಸೆ. 40ರಿಂದ ಕೆಳಗಿನ ಮಾತನ್ನು ಅದು ಆಡುವುದೇ ಇಲ್ಲ.

ಆ 40ರ ಗೆರೆ ನಮ್ಮ ರಾತ್ರಿಗೆ ಸಾಕೇ? ಇದನ್ನು ಲೆಕ್ಕ ಹಾಕಿ ನೋಡದೆ ಯಾರೂ ಆಂಪ್ಲಿಫೈಯರ್ ಕೊಳ್ಳಬಾರದು ಎಂಬುದು ನನ್ನ ಆಗ್ರಹ, ಆದ್ದರಿಂದ ಸಂಖ್ಯೆಗಳನ್ನು ಬಿಡದೆ ಬರೆಯುತ್ತೇನೆ.

ಕಿವಿಯೊಳಗೆ ಕೂರುವ ಒಂದು ಸಾಮಾನ್ಯ ಇಯರ್‌ಫೋನ್: 16 ಓಮ್, ಒಂದು ಮಿಲಿವ್ಯಾಟ್‌ಗೆ 105 ಡೆಸಿಬೆಲ್. 16 ಓಮ್‌ನಲ್ಲಿ ಒಂದು ಮಿಲಿವ್ಯಾಟ್ ಎಂದರೆ ಸುಮಾರು 0.126 ವೋಲ್ಟ್. ಡಿಜಿಟಲ್ ಹಾಡನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಡ್ಯಾಕ್ ಎಂಬ ಯಂತ್ರದ ಲೈನ್ ಔಟ್ ಕಿಂಡಿಯಿಂದ ಬರುವುದು ವಾಡಿಕೆಯಂತೆ 2 ವೋಲ್ಟ್, ಅಂದರೆ ಅದಕ್ಕಿಂತ 24 ಡೆಸಿಬೆಲ್ ಹೆಚ್ಚು. ಆಂಪ್ಲಿಫೈಯರ್ ಏನನ್ನೂ ಹಿಗ್ಗಿಸದೆ ಹಾಗೆಯೇ ದಾಟಿಸಿದರೂ ಗುಂಡಿ ಪೂರ್ತಿ ತಿರುಗಿಸಿದಾಗ 129 ಡೆಸಿಬೆಲ್ ಆಯಿತು. ಸಂಗೀತದ ಸರಾಸರಿ ಮಟ್ಟ ಅದರ ಶಿಖರಕ್ಕಿಂತ ಒಂದು 15 ಡೆಸಿಬೆಲ್ ಕೆಳಗೆ ಎಂದಿಟ್ಟುಕೊಂಡರೆ 114. ಮಳೆ ನಿಂತ ರಾತ್ರಿಗೆ ಮೇಲೆ ಹೇಳಿದ 55ರ ಬದಲು ಧಾರಾಳವಾಗಿ 60 ಎಂದಿಟ್ಟುಕೊಂಡರೂ 54 ಡೆಸಿಬೆಲ್ ಇಳಿಸಬೇಕು. ಆಂಪ್ಲಿಫೈಯರಿಗೆ ಐದು ಪಟ್ಟು ಗೇನ್, ಅಂದರೆ ಸಂಕೇತವನ್ನು ಐದು ಪಟ್ಟು ಹಿಗ್ಗಿಸುವ ಗುಣ, ಇದ್ದರೆ ಇನ್ನೂ 14 ಸೇರಿ 68 ಇಳಿಸಬೇಕು. ಪಾಟ್ ಭರವಸೆ ಕೊಟ್ಟದ್ದು 40ರವರೆಗೆ.

ಇನ್ನು 300 ಓಮ್‌ನ ದೊಡ್ಡ ಹೆಡ್‌ಫೋನ್, ಒಂದು ವೋಲ್ಟಿಗೆ 103 ಡೆಸಿಬೆಲ್ ಕೊಡುವಂಥದ್ದು. 2 ವೋಲ್ಟಿಗೆ 109, ಸರಾಸರಿ 94. ರಾತ್ರಿಯ 60ಕ್ಕೆ 34 ಇಳಿಸಿದರೆ ಸಾಕು, ಗೆರೆಯ ಒಳಗೇ ಇದ್ದೇವೆ. ಮಳೆಯ ಸಂಜೆಯ 75ಕ್ಕೆ 19 ಇಳಿಸಿದರೆ ಆಯಿತು. ಇಂಥ ಜಡ ಹೆಡ್‌ಫೋನಿಗೂ ಗೇನ್ ಇಲ್ಲದೆಯೇ ಇಷ್ಟು ಸದ್ದು ದೊರೆಯುತ್ತದೆ ಎಂಬುದು ಈ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಸಂಗತಿ. ಮಿಲಿವ್ಯಾಟ್‌ಗಳ ಮೇಲಾಟದಲ್ಲಿ ತಯಾರಕರು ಸೇರಿಸುವ ಗೇನ್ ಬಹುಪಾಲು ಕೇಳುಗರ ಪಾಲಿಗೆ ಗುಂಡಿಯನ್ನು ಅದರ ಕೆಟ್ಟ ಮೂಲೆಗೆ ದೂಡುವ ಕೆಲಸ ಮಾತ್ರ ಮಾಡುತ್ತದೆ. ಗುಂಡಿಯ ಪೂರ್ತಿ ಸುತ್ತು ಸುಮಾರು 300 ಡಿಗ್ರಿ. ಅದರಲ್ಲಿ ಬಳಕೆಗೆ ಬರುವುದು ಮೊದಲ 30 ಡಿಗ್ರಿ ಎಂದಾದರೆ ಉಳಿದದ್ದಕ್ಕೆ ಹಣ ಕೊಟ್ಟದ್ದು ಯಾಕೆ?

ಈ ಕಾರಣಕ್ಕಾಗಿ ಗೇನ್ ಬದಲಿಸುವ ಸ್ವಿಚ್ಚನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಅದರಲ್ಲಿ ಕನಿಷ್ಠ ಮಟ್ಟ ಒಂದು ಪಟ್ಟು ಇರಬೇಕು. ಒಂದಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಕಡಿಮೆ ಗೇನ್ ಎಂದು ಬರೆದು ಒಳಗೆ ಮೂರು ಪಟ್ಟು ಇಟ್ಟಿರುವ ಪೆಟ್ಟಿಗೆಗಳೂ ಇವೆ, ವಿವರಪತ್ರ ಓದಬೇಕು.

ಅಗ್ಗದ ಹೆಡ್‌ಫೋನ್ ಆಂಪ್ಲಿಫೈಯರಿನ ಕತೆಯಲ್ಲಿ 2011 ಒಂದು ತಿರುವು. ಎನ್‌ಡಬ್ಲ್ಯೂಎವಿಗೈ ಎಂಬ ಅಡ್ಡಹೆಸರಿನಲ್ಲಿ ಬರೆಯುತ್ತಿದ್ದ, ತನ್ನ ನಿಜವಾದ ಹೆಸರನ್ನು ಎಂದೂ ಹೇಳದ ಒಬ್ಬ ಎಂಜಿನಿಯರ್ ಆ ವರ್ಷ ಓ2 ಎಂಬ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಎರಡು 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ, ಸುಲಭವಾಗಿ ಸಿಗುವ ಬಿಡಿಭಾಗಗಳ ಸಣ್ಣ ಪೆಟ್ಟಿಗೆ. ದುಬಾರಿ ಯಂತ್ರಗಳನ್ನು ಅಳೆದು ನೋಡಿ, ಅವುಗಳ ಪಕ್ಕದಲ್ಲಿ ತನ್ನದನ್ನೂ ಅಳೆದು ಅಂಕಿಗಳನ್ನು ಮುಂದಿಟ್ಟ. 2012ರಲ್ಲಿ ಅವನ ಬರಹ ಇದ್ದಕ್ಕಿದ್ದಂತೆ ನಿಂತುಹೋಯಿತು. ಯಾರೆಂದು ತಿಳಿಯಲೇ ಇಲ್ಲ. ಆ ವಿನ್ಯಾಸದಲ್ಲಿ ನನಗೆ ಮೆಚ್ಚುಗೆಯಾದದ್ದು ಪಾಟ್ ಇಟ್ಟ ಜಾಗ. ಅವನು ಬಳಸಿದ್ದು ಆಲ್ಪ್ಸ್ ಕಂಪನಿಯ ಸಣ್ಣ, ಅಗ್ಗದ ಪಾಟ್. ಅದನ್ನು ಬಾಗಿಲಲ್ಲೇ ನಿಲ್ಲಿಸದೆ ಗೇನ್ ಹಂತದ ನಂತರ, ಕೊನೆಯ ಹಂತದ ಮೊದಲು ಇಟ್ಟ. ಹಾಗಾಗಿ ವಾಲ್ಯೂಮ್ ಇಳಿಸಿದಾಗ ಹಾಡಿನ ಜೊತೆಗೆ ಗೇನ್ ಹಂತದ ಸುಯ್‌ಗುಟ್ಟುವಿಕೆಯೂ ಇಳಿಯುತ್ತದೆ. ಇದಕ್ಕೆ ಬೆಲೆಯೂ ಇದೆ: ಮೂಲದಿಂದ 2 ವೋಲ್ಟ್ ಬರುತ್ತಿರುವಾಗ ಗೇನ್ ಸ್ವಿಚ್ಚನ್ನು 6.5 ಪಟ್ಟಿಗೆ ಇಟ್ಟರೆ ಗುಂಡಿ ಎಷ್ಟೇ ಕೆಳಗಿದ್ದರೂ ಮೊದಲ ಹಂತದಲ್ಲೇ ಧ್ವನಿ ಒಡೆಯುತ್ತದೆ. 2.5 ಪಟ್ಟಿಗೆ ಇಟ್ಟುಕೊಂಡು, ಬ್ಯಾಟರಿಯ ಬದಲು ಅಡಾಪ್ಟರಿನಿಂದ ನಡೆಸಿದರೆ ತೊಂದರೆಯಿಲ್ಲ.

ಆಮೇಲಿನ ವರ್ಷಗಳಲ್ಲಿ 99 ಡಾಲರ್ ಎಂಬುದು ಈ ವರ್ಗದ ಬೆಲೆಯಾಗಿ ಹೋಯಿತು. 2012ರಲ್ಲಿ ಶಿಟ್ ಕಂಪನಿಯ ಮ್ಯಾಗ್ನಿ, 2018ರಲ್ಲಿ ಜೆಡಿಎಸ್ ಲ್ಯಾಬ್ಸ್‌ನ ಆಟಮ್, ಎರಡೂ ಅದೇ ಬೆಲೆಗೆ ಬಂದವು. ಸಾಗಣೆ, ಸುಂಕ ಸೇರಿ ಇಲ್ಲಿಗೆ ತಲುಪುವ ಹೊತ್ತಿಗೆ ಅದು ಏರುತ್ತದೆ. ಚೀನಾದ ಪೆಟ್ಟಿಗೆಗಳು ಅದಕ್ಕಿಂತ ಕಡಿಮೆಗೆ ಸಿಗುತ್ತವೆ. ಈ ದರ್ಜೆಯಲ್ಲಿ ವಿಕೃತಿ (ಮೂಲದಲ್ಲಿಲ್ಲದ ಧ್ವನಿ ಸೇರಿಕೊಳ್ಳುವುದು), ಆವೃತ್ತಿಯ ಸಮತೆ (ಕೆಳಸ್ವರ ಮೇಲ್ಸ್ವರಗಳನ್ನು ಒಂದೇ ಸಮನಾಗಿ ದಾಟಿಸುವುದು) ಇವೆಲ್ಲ ಕಿವಿಗೆ ನಿಲುಕದಷ್ಟು ಚೆನ್ನಾಗಿವೆ. 1970ರ ದಶಕದ ಕೊನೆಯಲ್ಲಿ ಬಂದ ಎನ್‌ಇ5532 ಎಂಬ ಆಪ್ ಆಂಪ್ ಚಿಪ್ (ಸಂಕೇತ ಹಿಗ್ಗಿಸುವ ಚಿಪ್) ಇಂದಿಗೂ ಕೆಲವೇ ರೂಪಾಯಿಗೆ ಸಿಗುತ್ತದೆ, ಇಂದಿಗೂ ಒಳ್ಳೆಯ ಕೆಲಸ ಮಾಡುತ್ತದೆ. ವಿದ್ಯುನ್ಮಾನದ ಭಾಗ ಹೀಗೆ ಅಗ್ಗವಾದದ್ದರಿಂದಲೇ ಯಾಂತ್ರಿಕ ಭಾಗವಾದ ಪಾಟ್ ಎದ್ದು ಕಾಣುವ ದುರ್ಬಲ ಕೊಂಡಿಯಾಗಿ ಉಳಿದಿದೆ.

ಹಾಗಾದರೆ ಒಳ್ಳೆಯ ಪಾಟ್ ಇರುವುದನ್ನೇ ಕೊಂಡರಾಯಿತಲ್ಲ ಎನ್ನಬಹುದು. ಆಲ್ಪ್ಸ್‌ನದೇ ನೀಲಿ ಬಣ್ಣದ ದೊಡ್ಡ ಆರ್‌ಕೆ27 ಈ ಲೋಕದಲ್ಲಿ ಹೆಸರಾದದ್ದು. ತಿರುಗಿಸುವಾಗಿನ ಹದವಾದ ಭಾರ, ಅಲುಗದ ಕಡ್ಡಿ, ಎಡಬಲದ ಉತ್ತಮ ಹೊಂದಾಣಿಕೆ ಎಲ್ಲವೂ ಅದಕ್ಕಿದೆ. ಆದರೆ ಸಣ್ಣ ಪಾಟ್‌ನ ಹಲವು ಪಟ್ಟು ಬೆಲೆ. ಹತ್ತು ಸಾವಿರದೊಳಗಿನ ಪೆಟ್ಟಿಗೆಯಲ್ಲಿ ಅದನ್ನು ಕೂರಿಸಿದರೆ ಬೇರೆಲ್ಲೋ ಕೈಬಿಗಿ ಮಾಡಿರುತ್ತಾರೆ, ಇಲ್ಲವೇ ಅದು ನಕಲಿಯಾಗಿರುತ್ತದೆ. ಬಿಡಿ ಪಾಟ್‌ಗಳ ಮಾರುಕಟ್ಟೆಯಲ್ಲಿ ನೀಲಿ ಬಣ್ಣ ಬಳಿದ ನಕಲಿಗಳಿಗೆ ಲೆಕ್ಕವಿಲ್ಲ. ಇನ್ನೊಂದು ಮಾತು: ಪಾಟ್‌ಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ವಿಮರ್ಶಕರ ಕೈಗೆ ಬಂದ ಪೆಟ್ಟಿಗೆ ಗುಂಡಿಯ ಕೆಳತುದಿಯಲ್ಲೂ ಸಮವಾಗಿ ಹಾಡಿತು ಎಂದ ಮಾತ್ರಕ್ಕೆ ನಿಮ್ಮದೂ ಹಾಡುತ್ತದೆ ಎನ್ನಲಾಗದು. ವಿಕೃತಿಯ ಅಳತೆಯನ್ನು ಒಂದು ನಮೂನೆಯಿಂದ ನಂಬಬಹುದು, ಎಡಬಲದ ಅಳತೆಯನ್ನು ನಂಬಲಾಗದು.

ಪಾಟ್‌ನ ದೋಷವನ್ನು ಸರ್ಕ್ಯೂಟಿನ ಜಾಣ್ಮೆಯಿಂದ ತೀರಿಸಿದವರೂ ಇದ್ದಾರೆ. ಬ್ರಿಟನ್ನಿನ ಪೀಟರ್ ಬ್ಯಾಕ್ಸಾಂಡಲ್ 1980ರಲ್ಲಿ ಪ್ರಕಟಿಸಿದ ವಿನ್ಯಾಸದಲ್ಲಿ ಬಳಕೆಯಾಗುವುದು ಸರಳ ರೇಖೆಯ, ಅಂದರೆ ಪ್ರತಿರೋಧ ಒಂದೇ ಸಮನಾಗಿ ಏರುವ ಪಾಟ್. ಆಂಪ್ಲಿಫೈಯರಿನ ಫೀಡ್‌ಬ್ಯಾಕ್‌ನೊಳಗೆ, ಅಂದರೆ ಹೊರಬಂದ ಸಂಕೇತದ ಒಂದಂಶವನ್ನು ಮತ್ತೆ ಒಳಗೆ ಕೊಡುವ ಸುತ್ತಿನೊಳಗೆ, ಅದನ್ನು ಕೂರಿಸಿದ್ದರಿಂದ ಗೇನ್ ಬೆರಳಿನ ಸ್ಥಾನವನ್ನಷ್ಟೇ ಅವಲಂಬಿಸುತ್ತದೆ, ಪಟ್ಟಿಯ ಒಟ್ಟು ಪ್ರತಿರೋಧದ ಏರುಪೇರು ಲೆಕ್ಕಕ್ಕೆ ಬರುವುದಿಲ್ಲ. ಲಾಗರಿತಮಿಕ್‌ನ ಹತ್ತಿರದ ನಡೆ ತಾನಾಗಿಯೇ ದೊರೆಯುತ್ತದೆ. ಸರಳ ರೇಖೆಯ ಜೋಡಿ ಪಾಟ್‌ಗಳಲ್ಲಿ ಹೊಂದಾಣಿಕೆ ಮೊದಲೇ ಚೆನ್ನಾಗಿರುವುದರಿಂದ ಸಣ್ಣ ಖರ್ಚಿನಲ್ಲಿ ದೊಡ್ಡ ಲಾಭ. ಒಂದೆರಡು ಆಪ್ ಆಂಪ್ ಹೆಚ್ಚು ಬೇಕು, ಅಷ್ಟೆ. ಅಗ್ಗದ ಆಂಪ್ಲಿಫೈಯರುಗಳಲ್ಲಿ ಇದು ಇನ್ನೂ ಹೆಚ್ಚು ಕಾಣಬೇಕಿತ್ತು ಎಂಬುದು ನನ್ನ ಕೊರಗು.

ಇನ್ನೊಂದು ದಾರಿ ಚಿಪ್. ಪಿಜಿಎ2311 ಎಂಬ ಚಿಪ್ ಅರ್ಧರ್ಧ ಡೆಸಿಬೆಲ್ ಮೆಟ್ಟಿಲಿನಲ್ಲಿ ಮೈನಸ್ 95.5ರವರೆಗೆ ಇಳಿಯಬಲ್ಲದು. ಅದರೊಳಗೆ ಜಾರುವ ಬೆರಳೇ ಇಲ್ಲ. ಇರುವುದು ಒಂದೇ ಸಿಲಿಕಾನ್ ತುಂಡಿನಲ್ಲಿ ಹೊಂದಿಸಿ ಮಾಡಿದ ಪ್ರತಿರೋಧಗಳು. ಕೆಳತುದಿಯಲ್ಲೂ ಎಡಬಲ ಜೊತೆಯಲ್ಲೇ ನಿಲ್ಲುತ್ತವೆ. ತರಂಗ ಸೊನ್ನೆಯನ್ನು ದಾಟುವ ಕ್ಷಣ ನೋಡಿಕೊಂಡು ಮೆಟ್ಟಿಲು ಬದಲಿಸುವುದರಿಂದ ಟಿಕ್ ಶಬ್ದವೂ ಕಡಿಮೆ. ರಿಲೇ ಮತ್ತು ರೆಸಿಸ್ಟರುಗಳ ಏಣಿ ಕಟ್ಟಿದ ಯಂತ್ರಗಳೂ ಇವೆ, ಆದರೆ ಅವು ಹೆಚ್ಚಾಗಿ ನಮ್ಮ ಬೆಲೆಯ ಮಿತಿಯಿಂದ ಹೊರಗೆ. ಚಿಪ್ ಇರುವ ಪೆಟ್ಟಿಗೆಯಲ್ಲಿ ತಿರುಗಿಸುವುದು ಎನ್‌ಕೋಡರ್, ಅಂದರೆ ಎಷ್ಟು ತಿರುಗಿತೆಂಬುದನ್ನಷ್ಟೇ ಚಿಪ್‌ಗೆ ತಿಳಿಸುವ ಗುಂಡಿ. ಎಲ್ಲಿದೆ ಎಂದು ಕಣ್ಣಿಗೆ ತೋರುವ ಗುರುತು ಅದಕ್ಕಿಲ್ಲ. ನಮ್ಮ ಕಡೆ ಕರೆಂಟು ಹೋಗಿ ಬರುವುದು ನಿತ್ಯದ ಮಾತಾದ್ದರಿಂದ ಒಂದನ್ನು ಮಾತ್ರ ಕೊಳ್ಳುವ ಮೊದಲು ಖಚಿತ ಮಾಡಿಕೊಳ್ಳಬೇಕು: ಕರೆಂಟು ಮರಳಿದಾಗ ಅದು ಹಳೆಯ ಮಟ್ಟವನ್ನು ನೆನಪಿಟ್ಟುಕೊಳ್ಳುತ್ತದೆಯೇ, ಇಲ್ಲ ತಾನೇ ಗೊತ್ತುಮಾಡಿಕೊಂಡ ಮಟ್ಟದಲ್ಲಿ ಎಚ್ಚರಗೊಳ್ಳುತ್ತದೆಯೇ. ಕಿವಿಯೊಳಗೆ ಇಯರ್‌ಫೋನ್ ಇರುವಾಗ ಇದು ಸಣ್ಣ ವಿಷಯವಲ್ಲ.

ಕೈಯಲ್ಲಿ ಈಗಾಗಲೇ ಸಾಧಾರಣ ಪಾಟ್ ಇರುವ ಆಂಪ್ಲಿಫೈಯರ್ ಇದ್ದವರು ಹೊಸದನ್ನು ಕೊಳ್ಳಬೇಕಾಗಿಲ್ಲ. ಕಾಸು ಖರ್ಚಿಲ್ಲದ ಉಪಾಯ, ಕಂಪ್ಯೂಟರಿನಲ್ಲೋ ಪ್ಲೇಯರಿನಲ್ಲೋ ಡಿಜಿಟಲ್ ವಾಲ್ಯೂಮನ್ನು 20 ಡೆಸಿಬೆಲ್ ಇಳಿಸಿ, ಗುಂಡಿಯನ್ನು ಅಷ್ಟೇ ಮೇಲಕ್ಕೆ ತರುವುದು. ಡಿಜಿಟಲ್‌ನಲ್ಲಿ ಇಳಿಸಿದರೆ ಗುಣ ಕೆಡುತ್ತದೆ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಪ್ರತಿ 6 ಡೆಸಿಬೆಲ್‌ಗೆ ಒಂದು ಬಿಟ್ ಹೋಗುತ್ತದೆ ಎಂಬುದು ನಿಜ. 24 ಬಿಟ್‌ನಲ್ಲಿ ಮೂರು ಚಿಲ್ಲರೆ ಬಿಟ್ ಹೋದರೆ ಇಪ್ಪತ್ತು ಉಳಿಯುತ್ತವೆ, 16 ಬಿಟ್‌ನ ಹಾಡಿಗೆ ಅದು ಧಾರಾಳ. ಉಳಿಯುವ ಪ್ರಶ್ನೆ ಡ್ಯಾಕ್‌ನ ಸ್ವಂತ ಸುಯ್‌ಗುಟ್ಟುವಿಕೆ. ಮೇಲಿನ ಇಯರ್‌ಫೋನನ್ನೇ ತೆಗೆದುಕೊಂಡರೆ, ಒಂದು ಪಟ್ಟಿನ ಗೇನ್‌ನಲ್ಲಿ ಪಾಟ್ ಈಗ ಇಳಿಸಬೇಕಾದದ್ದು 54ರ ಬದಲು 34. ಪೂರ್ಣ ಮಟ್ಟ 95 ಡೆಸಿಬೆಲ್ ಆಯಿತು. ಡ್ಯಾಕ್‌ನ ಸದ್ದು ಅದಕ್ಕಿಂತ 115 ಡೆಸಿಬೆಲ್ ಕೆಳಗಿದ್ದರೆ ಮೈನಸ್ 20ಕ್ಕೆ ಬಂತು. ಕಿವಿಯ ಮಿತಿಯೇ ಸೊನ್ನೆಯ ಆಸುಪಾಸು. ಇಲ್ಲಿಯ ಯಾವ ನಿಶ್ಶಬ್ದ ರಾತ್ರಿಯಲ್ಲೂ ಅದು ಕೇಳಿಸಲಾರದು.

ಫೋನಿನ ಮೆಟ್ಟಿಲುಗಳನ್ನು ಮಾತ್ರ ಇದಕ್ಕೆ ನೆಚ್ಚಿಕೊಳ್ಳಬೇಡಿ. ಆಂಡ್ರಾಯ್ಡ್‌ನಲ್ಲಿ ಮೊದಲಿಂದ ವಾಡಿಕೆಯಲ್ಲಿರುವುದು 15 ಮೆಟ್ಟಿಲು, ಕೆಳಗಿನವು ಬಹಳ ಒರಟು. ಸೂಕ್ಷ್ಮವಾಗಿ ಇಳಿಸಬಲ್ಲ ಪ್ಲೇಯರ್ ಆ್ಯಪ್ ಬಳಸುವುದು ಒಳ್ಳೆಯದು.

ಬೆಸುಗೆ ಹಾಕಲು ಬರುವವರಿಗೆ ಇದಕ್ಕಿಂತ ಅಚ್ಚುಕಟ್ಟಾದ ದಾರಿಯಿದೆ. ಡ್ಯಾಕ್ ಮತ್ತು ಆಂಪ್ಲಿಫೈಯರ್ ನಡುವಿನ ಕೇಬಲಿನಲ್ಲಿ ಪ್ರತಿ ಬದಿಗೆ ಎರಡು ರೆಸಿಸ್ಟರ್: ಸರಣಿಯಲ್ಲಿ 9.1 ಕಿಲೋ ಓಮ್, ನೆಲಕ್ಕೆ 1 ಕಿಲೋ ಓಮ್. ಸುಮಾರು 20 ಡೆಸಿಬೆಲ್ ಇಳಿಯುತ್ತದೆ. ಶೇಕಡಾ ಒಂದರ ನಿಖರತೆಯ ಮೆಟಲ್ ಫಿಲ್ಮ್ ರೆಸಿಸ್ಟರ್ ಬಳಸಿದರೆ ಅತಿ ಕೆಟ್ಟ ಸಂದರ್ಭದಲ್ಲೂ ಎಡಬಲದ ವ್ಯತ್ಯಾಸ ಡೆಸಿಬೆಲ್‌ನ ಮೂರನೇ ಒಂದು ಭಾಗವನ್ನು ದಾಟುವುದಿಲ್ಲ. ಶಿವಮೊಗ್ಗದಲ್ಲಿ ಬಿಡಿಭಾಗ ಮಾರುವ ಯಾವುದೇ ಅಂಗಡಿಯಲ್ಲಿ ಈ ನಾಲ್ಕು ರೆಸಿಸ್ಟರ್ ಚಿಲ್ಲರೆ ಕಾಸಿಗೆ ಸಿಗುತ್ತವೆ. ಸಾವಿರಾರು ರೂಪಾಯಿಯ ಮೇಲ್ದರ್ಜೆಯ ಆಂಪ್ಲಿಫೈಯರ್ ಕೊಡುವ ಸುಧಾರಣೆಯನ್ನು ಈ ನಾಲ್ಕು ಕಡ್ಡಿಗಳು ಕೊಡುವುದನ್ನು ನಾನು ನನ್ನ ಕಿವಿಯಿಂದಲೇ ಬಲ್ಲೆ.

ಗುಂಡಿಯ ಅಧಿಕಾರಕ್ಕೆ ಒಳಪಡದ ಒಂದು ಸದ್ದಿದೆ. ಪಾಟ್ ಆದಮೇಲಿನ ಹಂತದ ಸುಯ್‌ಗುಟ್ಟುವಿಕೆ ಗುಂಡಿ ಸೊನ್ನೆಗೆ ಇಳಿದರೂ ಹಾಗೇ ಇರುತ್ತದೆ. ಆ ಇಯರ್‌ಫೋನಿಗೆ 10 ಮೈಕ್ರೋವೋಲ್ಟ್ ಸದ್ದು ಬಂದರೆ ಅದು 23 ಡೆಸಿಬೆಲ್. ಮಳೆ ನಿಂತ ರಾತ್ರಿ ನಿಚ್ಚಳವಾಗಿ ಕೇಳಿಸುತ್ತದೆ. 2 ಮೈಕ್ರೋವೋಲ್ಟ್ ಆದರೆ 9 ಡೆಸಿಬೆಲ್, ಕೇಳಿಸುವುದು ಕಷ್ಟ. ವಿವರಪತ್ರದಲ್ಲಿ ಮಿಲಿವ್ಯಾಟ್ ಹುಡುಕುವ ಕಣ್ಣು ಈ ಸಂಖ್ಯೆಯನ್ನು ಹುಡುಕಬೇಕು.

ಕೊಂಡ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು, ಪರೀಕ್ಷಿಸುವುದು ಹೇಗೆ? ಮೋನೊ ಧ್ವನಿಮುದ್ರಣ, ಅಂದರೆ ಎರಡೂ ಕಿವಿಗೆ ಒಂದೇ ಧ್ವನಿ ಕೊಡುವ ಮುದ್ರಣ, ಬೇಕು. ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ಕಾಲದ ಮುದ್ರಣಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಒಂದೇ ಮೈಕಿನಲ್ಲಿ ಮೋನೊ ಆಗಿ ಮುದ್ರಿಸಿದ, ಶಿವಮೊಗ್ಗ ಬಳಿಯ ಹೊಸಹಳ್ಳಿಯ ಗಮಕ ವಾಚನವಿದ್ದರೆ ಇನ್ನೂ ಒಳ್ಳೆಯದು, ಮಾತು ಮತ್ತು ರಾಗ ಎರಡೂ ಅದರಲ್ಲಿವೆ. ಗುಂಡಿಯನ್ನು ಸೊನ್ನೆಯಿಂದ ಬಹಳ ನಿಧಾನವಾಗಿ ಎತ್ತುತ್ತ ಹೋಗಿ. ಮೊದಲು ಒಂದೇ ಕಿವಿಯಲ್ಲಿ ಧ್ವನಿ ಹುಟ್ಟುತ್ತದೆ, ಆಮೇಲೆ ಇನ್ನೊಂದು ಕಿವಿ ಸೇರಿಕೊಳ್ಳುತ್ತದೆ, ಎಲ್ಲೋ ಒಂದು ಕಡೆ ಗಾಯಕ ನಡುವಿಗೆ ಬಂದು ನಿಲ್ಲುತ್ತಾನೆ. ಆ ಜಾಗದಲ್ಲಿ ಸದ್ದು ನಿಮ್ಮ ರಾತ್ರಿಯ ಮಟ್ಟಕ್ಕಿಂತ ಕಡಿಮೆಯಿದ್ದರೆ ಆಂಪ್ಲಿಫೈಯರ್ ನಿಮಗೆ ತಕ್ಕದ್ದು. ಹೆಚ್ಚಿದ್ದರೆ ಗೇನ್ ಇಳಿಸಿ ಮತ್ತೆ ನೋಡಬೇಕು.

ಧ್ವನಿ ಒಂದೇ ಪಕ್ಕಕ್ಕೆ ವಾಲಿದಾಗ ಹಲವರು ತಮ್ಮ ಕಿವಿಯನ್ನೇ ಅನುಮಾನಿಸುತ್ತಾರೆ. ಹೆಡ್‌ಫೋನನ್ನು ತಿರುವಿ ಹಾಕಿಕೊಳ್ಳಿ. ವಾಲಿದ್ದು ಅದೇ ಕಿವಿಯಲ್ಲಿ ಉಳಿದರೆ ಕಾರಣ ಕಿವಿ. ಬೇರೆ ಕಿವಿಗೆ ಹೋದರೆ ಕಾರಣ ಯಂತ್ರ. ಯಂತ್ರವೆಂದಾದರೆ ವಾಲ್ಯೂಮ್ ಏರಿಸಿ ನೋಡಿ, ಏರಿಸಿದಾಗ ಸರಿಯಾದರೆ ತಪ್ಪು ಪಾಟ್‌ನದು. ಮೀಟರಿನಲ್ಲೂ ಅಳೆಯಬಹುದು. ಆದರೆ ಅಗ್ಗಕ್ಕೆ ಸಿಗುವ ಹಳದಿ ಮೀಟರುಗಳಲ್ಲಿ ಎಸಿ ಅಳತೆ 200 ವೋಲ್ಟಿನಿಂದಲೇ ಶುರು, ಅವು ಇದಕ್ಕೆ ಬಾರವು. ಎಸಿ ಮಿಲಿವೋಲ್ಟ್ ತೋರಿಸುವ ಮೀಟರ್ ಬೇಕು. 100 ಹರ್ಟ್ಸ್‌ನ ಸ್ವರ ಹಾಕಿ ಎಡ, ಬಲ ಅಳೆದರೆ ಸಾಕು. ಒಂದು ಇನ್ನೊಂದಕ್ಕಿಂತ ಶೇಕಡಾ 12 ಹೆಚ್ಚಿದ್ದರೆ ಒಂದು ಡೆಸಿಬೆಲ್, 26 ಹೆಚ್ಚಿದ್ದರೆ ಎರಡು.

ಮಳೆಯ ಸಂಜೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಶೀಟಿನ ಸದ್ದನ್ನು ಮುಚ್ಚಲು ವಾಲ್ಯೂಮ್ ಏರಿಸುತ್ತ ಹೋಗುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜೊತೆ ಹೊರಡಿಸಿದ ಮಾನದಂಡದ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿದಂತೆಲ್ಲ ಗಂಟೆಗಳು ಅರ್ಧವಾಗುತ್ತವೆ. ಮಳೆಗಾಲಕ್ಕೆ ಹೊರಗಿನ ಸದ್ದು ತಡೆಯುವ ಮುಚ್ಚಿದ ಹೆಡ್‌ಫೋನೋ ಕಿವಿಯೊಳಗೆ ಕೂರುವ ಇಯರ್‌ಫೋನೋ ಬಳಸಿದರೆ ಅಷ್ಟು ಏರಿಸುವ ಅಗತ್ಯವೇ ಬೀಳುವುದಿಲ್ಲ.

ಮಲೆನಾಡಿನ ತೇವ ಪಾಟ್‌ನ ಶತ್ರು. ಕ್ಯಾಮೆರಾ ಲೆನ್ಸಿಗೆ ಬೂಸು ಹಿಡಿಯುವ ಊರಿನಲ್ಲಿ ಬೆರಳು ಮತ್ತು ಪಟ್ಟಿಯ ನಡುವೆ ಕಿಲುಬು, ಧೂಳು ಸೇರಿ ಗುಂಡಿ ತಿರುಗಿಸಿದಾಗ ಕರಕರ ಎನ್ನುವುದು ಒಂದೆರಡು ಮಳೆಗಾಲದ ಕೆಲಸ. ದಿನವೂ ಗುಂಡಿಯನ್ನು ತುದಿಯಿಂದ ತುದಿಗೆ ನಾಲ್ಕು ಸಲ ತಿರುಗಿಸುವುದರಿಂದಲೇ ಅರ್ಧ ತೊಂದರೆ ತಪ್ಪುತ್ತದೆ. ಆಗ ಹೆಡ್‌ಫೋನ್ ತೆಗೆದಿರಬೇಕು. ಕರಕರ ಶುರುವಾಗಿದ್ದರೆ ಪಾಟ್‌ಗೆಂದೇ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಹನಿ ಬಿಟ್ಟು ತಿರುಗಿಸಬೇಕು, ಪೂರ್ತಿ ಆರುವವರೆಗೆ ಕರೆಂಟು ಕೊಡಬಾರದು. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹೊಡೆಯಬೇಡಿ. ಅದು ಉಳಿಸುವ ಜಿಡ್ಡು ಧೂಳನ್ನು ಹಿಡಿದಿಟ್ಟು ಪಾಟ್ ಅನ್ನು ಇನ್ನಷ್ಟು ಬೇಗ ಕೆಡಿಸುತ್ತದೆ, ಆಮೇಲೆ ಬಿಚ್ಚಿ ಹೊಸದು ಹಾಕುವುದೊಂದೇ ಉಳಿಯುವ ದಾರಿ.